ಭಾವಿಯ ಮಗ್ಗಲಾಗ

ನೀಲಾ, ಆ ಸಾಲನ್ನು ಕೆಡಿಸಿದವಳು ನಾನೇ. ನಾಲಿಗೆ ತಪ್ಪಿ ಅಲ್ಲ — ಬೇಕೆಂದೇ. ನೀನು ಕಟ್ಟಿದ್ದು ‘ಭಾವಿಯ ಮಗ್ಗಲಾಗ ಮಲಗ್ಯಾಳ ತಂಗಿ’. ಕ್ಯಾಸೆಟ್ಟಿನಲ್ಲಿ ನಾನು ಹಾಡಿದ್ದು ‘ಭಾವನ ಮಗ್ಗಲಾಗ’. ಹದಿನಾಲ್ಕು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ. ನಾಲ್ಕನೇ ಇಯತ್ತೆ ಕಲಿತ ಕೈ, ಅಕ್ಷರ ಸೊಟ್ಟ ಬಂದರೆ ಬರಲಿ. ನಿನ್ನ ತವರು ಚೌಡಾಪುರದಲ್ಲಿ ನಿನಗೆ ಯಾರಾದರೂ ಇದನ್ನು ಓದಿ ಹೇಳಲಿ — ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ.

ನನಗೆ ಮೊಮ್ಮಗಳು ಹುಟ್ಟಿದ್ದಾಳೆ, ನೀಲಾ! ಇವತ್ತಿಗೆ ಹನ್ನೆರಡು ದಿನ. ಬಂದವರಿಗೆಲ್ಲ ಸಕ್ಕರೆ ಕೊಟ್ಟು ಕೊಟ್ಟು ಡಬ್ಬಿ ಖಾಲಿ. ಅವಳ ಮುಷ್ಟಿ ಬಿಡಿಸಿ ನೋಡುತ್ತೇನೆ, ಮುಚ್ಚುತ್ತೇನೆ, ಮತ್ತೆ ಬಿಡಿಸುತ್ತೇನೆ — ಹುಚ್ಚಿ ಅನ್ನು. ನಿನ್ನೆ ಮಧ್ಯಾಹ್ನ ಅಳು ನಿಲ್ಲಿಸಲೇ ಇಲ್ಲ. ಸೊಸೆ ಎಲ್ಲಿಂದಲೋ ನಮ್ಮ ಹಳೆಯ ಕ್ಯಾಸೆಟ್ ಹುಡುಕಿ ತಂದು ಹಾಕಿದಳು. ಕೂಸು ತಟ್ಟನೆ ಸುಮ್ಮನಾಯಿತು. ನಿನ್ನ ದನಿ, ನನ್ನ ದನಿ, ಆ ಜೋಗುಳದ ಧಾಟಿ — ನಿದ್ದೆಯಲ್ಲೇ ನಕ್ಕಿತು. ನನಗೆ ಕುಣಿಯಬೇಕೆನಿಸಿತು. ಆಮೇಲೆ ಆ ಸಾಲು ಬಂತು. ನನ್ನ ಮೊಮ್ಮಗಳ ಕಿವಿಯಲ್ಲಿ ನನ್ನ ಸುಳ್ಳು...

ನಿಂಬರ್ಗಾದಲ್ಲಿ ನಮ್ಮಿಬ್ಬರದು ಗೋಡೆಗೆ ಗೋಡೆ ಹತ್ತಿದ ಮನೆ. ಒಂದೇ ಬೀಸುಕಲ್ಲಿನ ಆಚೆ ನೀನು, ಈಚೆ ನಾನು. ಮಾತು ನಿನ್ನದು, ಧಾಟಿ ನನ್ನದು. ನಿನ್ನ ತಂಗಿ ನಿಮ್ಮ ಮನೆಗೆಂದು ಬಂದವಳು ಹೊಲದ ಭಾವಿಗೆ ಜಾರಿ ಬಿದ್ದು ಸತ್ತಳು. ಆ ಭಾವಿಯ ಪಕ್ಕದಲ್ಲೇ ಮಣ್ಣು ಮಾಡಿದಿರಿ. ಆಮೇಲೆ ನಿನ್ನ ಬಾಯಿಂದ ಬಂದದ್ದೆಲ್ಲ ಸಾವಿನ ಮಾತೇ. ಅದಕ್ಕೆ ನಾನು ತೊಟ್ಟಿಲ ಧಾಟಿ ಹಚ್ಚಿದೆ.

‘ಅಳೋ ಮಾತಿಗೆ ಇಂಥ ಸವಿ ಧಾಟಿ ಯಾಕ ಬೇ ಶಾಂತಾ?’ ಎಂದು ಕೇಳಿದ್ದೆ ನೀನು.

‘ಇಲ್ಲಂದ್ರ ನಿನ್ನ ಅಳು ಯಾರ್ ಕೇಳ್ತಾರ?’ ಅಂದಿದ್ದೆ ನಾನು.

ಕಲಬುರ್ಗಿಯ ಕ್ಯಾಸೆಟ್ ಅಂಗಡಿಯವನು ಕರೆಸಿದ. ಹಾಡುವ ಮೊದಲು, ಕವರಿನ ಮೇಲೆ ಹಾಕುವ ಹೆಸರು ಬರೆದ ಚೀಟಿ ತೋರಿಸಿದ: ‘ನೀಲಮ್ಮ ಮತ್ತು ಸಂಗಡಿಗರು’. ಇದ್ದವರೇ ಇಬ್ಬರು. ಸಂಗಡಿಗರು ಅಂದರೆ ನಾನು! ನೀನು ಆ ಚೀಟಿ ನೋಡಿ ನಕ್ಕೆ. ಆ ಹಲ್ಲು ಉದುರಿಸಬೇಕು ಅನ್ನಿಸಿತು ನನಗೆ. ನಿನಗೆ ಓದಲು ಬರುತ್ತಿರಲಿಲ್ಲ. ಅದರಲ್ಲಿ ಏನಿದೆಯೆಂದು ತಿಳಿಯದೆ, ಬರೀ ಸಂತೋಷಕ್ಕೆ ನಕ್ಕಿದ್ದೆ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ —

ನನ್ನ ಸರದಿಯ ಸಾಲು ಬಂದಾಗ ‘ಭಾವನ’ ಅಂದೆ. ಸತ್ತ ಹುಡುಗಿಗೆ ಭಾವ ಯಾರು? ನಿನ್ನ ಗಂಡ. ಹಾಡು ಮುಗಿದದ್ದೇ ನೀನು ನನ್ನ ಮೊಳಕೈ ಹಿಡಿದೆ. ‘ಏನಂದಿ ಬೇ ಅಲ್ಲಿ?’

‘ಭಾವಿ ಅಂದೇನಿ. ಕಿವ್ಯಾಗ ಹತ್ತಿ ಅದ ಏನು?’

ಅಂಗಡಿಯವನು ಹೊರಗಿನಿಂದ ‘ಭಾಳ ಛಂದ ಬಂತ್ರಿ ಅಕ್ಕಾ’ ಎಂದು ಕೂಗಿದ. ನೀನು ನಂಬಿದೆ.

ಧಾಟಿಯ ಸವಿಗೆ ಜನ ಆ ಕ್ಯಾಸೆಟ್ಟನ್ನು ಮದುವೆಯಲ್ಲೂ ಹಚ್ಚಿದರು, ತೊಟ್ಟಿಲ ಮುಂದೆಯೂ ಹಚ್ಚಿದರು. ಮಾತು ಯಾರೂ ಕೇಳಲಿಲ್ಲ. ಕೊನೆಗೆ ಚಹಾದ ಹೋಟೆಲಿನಲ್ಲಿ ಒಬ್ಬ ಕೇಳಿದ. ಟೇಪು ಹಿಂದಕ್ಕೆ ಓಡಿಸಿ ಮತ್ತೆ ಕೇಳಿಸಿದ. ‘ಏನ್ರೀ ಶರಣಪ್ಪ, ನಾದಿನಿ ಮಗ್ಗಲು ಬೆಚ್ಚಗಿತ್ತೇನ್ರಿ? ನಿಮ್ಮ ಹೇಣ್ತಿನೇ ಹಾಡು ಕಟ್ಟಿ ಹೇಳಾಕತ್ತಾಳಲ್ರಿ!’ ನಿನ್ನ ಗಂಡ ಚಹಾ ಅಲ್ಲೇ ಬಿಟ್ಟು ಬಂದ.

ನೀನು ಅವನನ್ನು ಕರೆದುಕೊಂಡು ನಮ್ಮ ಮನೆಗೇ ಬಂದೆ. ಹಾಡೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದ್ದವು. ‘ಬರದಿಟ್ಟೀಯಲ್ಲ, ಓದು ಬೇ. ಇವರ ಮುಂದ ಓದು.’ ತೆರೆದೆ. ನನ್ನದೇ ಕೈಯಕ್ಷರ — ಭಾವಿಯ. ನಿಮ್ಮಿಬ್ಬರಿಗೂ ಅಕ್ಷರ ಬಾರದು. ಆ ಅಕ್ಷರದ ಮೇಲೆ ಬೆರಳಿಟ್ಟುಕೊಂಡೇ ಓದಿದೆ: ‘ಭಾವನ ಮಗ್ಗಲಾಗ.’ ಅಷ್ಟಕ್ಕೇ ಬಿಡಲಿಲ್ಲ. ‘ಅಕಿ ಹೇಳಿದಂಗ ಬರದೇನ್ರಿ ಅಣ್ಣಾ’ ಅಂದೆ.

ನೀನು ಅಳಲಿಲ್ಲ. ‘ಶಾಂತಾ’ ಎಂದೆ, ಅಷ್ಟೇ. ಮರುದಿನ ನಿನ್ನ ಗಂಡ ಬಸ್ಸಿಗೆ ಹತ್ತಿಸಿ ನಿನ್ನನ್ನು ತವರಿಗೆ ಕಳಿಸಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಹೊತ್ತು ನನಗೆ ತಂಪೆನಿಸಿತು — ಅದನ್ನೂ ಬರೆದೇಬಿಡುತ್ತೇನೆ.

ನೀನು ಆಮೇಲೆ ಹಾಡಲಿಲ್ಲವಂತೆ. ಶರಣಪ್ಪಣ್ಣ ಮತ್ತೊಂದು ಮದುವೆಯಾಗಲಿಲ್ಲ. ಈಗಲೂ ತಾನೇ ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆ ಕೇಳುತ್ತದೆ. ದಿನಾ ಕೇಳಿದ್ದೇನೆ. ದಿನಾ ಸುಮ್ಮನಿದ್ದೇನೆ. ಆ ಚೀಟಿಯ ಮೇಲಿನ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ ನೋಡು, ಎಂಥವಳು ನಾನು!

ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುವುದು. ‘ನೀಲಾ ಅಂತ ಹೆಸರಿಡೂನು’ ಎನ್ನುವುದು ಬಾಯಿಗೆ ಬಂದಿತ್ತು. ತಡೆದುಕೊಂಡೆ. ನಿನ್ನ ಹೆಸರನ್ನು ಮುದ್ದು ಮಾಡುವ ಹಕ್ಕು ನನಗೆಲ್ಲಿಂದ ಬರಬೇಕು? ಶರಣಪ್ಪಣ್ಣನಿಗೆ ಕರೆ ಹೇಳಿ ಬಂದಿದ್ದೇನೆ; ಕಟ್ಟೆಯ ಮೇಲೆ ಕೂತಿರುತ್ತಾನೆ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿದಾಗ ನಾನು ಹಾಡುವುದಿಲ್ಲ. ನನ್ನ ಬಾಯಿಯನ್ನು ಇನ್ನು ಯಾರೂ ನಂಬಬೇಕಾಗಿಲ್ಲ. ಮಾಡಿದ್ದನ್ನೆಲ್ಲ ಹೇಳಿ, ನೋಟ್‌ಬುಕ್ಕನ್ನು ಸೊಸೆಯ ಕೈಗೆ ಕೊಡುತ್ತೇನೆ. ಅವಳು ಕಾಲೇಜು ಓದಿದವಳು, ಇದ್ದದ್ದನ್ನೇ ಓದುತ್ತಾಳೆ.

ಆಮೇಲೆ ಕೂಸನ್ನು ನನ್ನ ಮಡಿಲಿಗೆ ಕೊಡುವುದು, ಬಿಡುವುದು, ಅವಳಿಗೆ ಬಿಟ್ಟದ್ದು.