ಸುಕ್ಕದ ಅಜ್ಜನ ದಿನ

ಆಸ್ಟ್ರೇಲಿಯದ ಒಂದು ಚರ್ಚಿನ ತಂಡ ನಮ್ಮ ಕಡೆಯ ಅನಾಥಾಶ್ರಮಗಳಲ್ಲಿ ಹತ್ತು ದಿನ ಸೇವೆ ಮಾಡಲು ಬರುತ್ತದೆ, ಅವರ ಇಂಗ್ಲಿಷನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಲು ಒಬ್ಬರು ಬೇಕು ಎಂದು ನಮ್ಮ ಇಗರ್ಜಿಯ ಪಾದ್ರಿಗಳು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ಸೇವೆಯ ಆಸೆಯೇನೂ ನನಗಿರಲಿಲ್ಲ. ನಾನು ಆಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು, ಗಂಡ ದುಬೈಯಲ್ಲಿ. ದಸರಾ ರಜೆಯಿಡೀ ಕಟಪಾಡಿಯ ಮನೆಯಲ್ಲಿ ಅತ್ತೆಯ ಎದುರು ಕೂತು ತೆಂಗಿನಕಾಯಿ ತುರಿಯುವುದಕ್ಕಿಂತ ವ್ಯಾನಿನಲ್ಲಿ ಊರು ಸುತ್ತುವುದು ಮೇಲು ಅನ್ನಿಸಿತ್ತು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು.

ತಂಡದವರು ಮಣಿಪಾಲದ ಹೋಟೆಲಿನಲ್ಲಿ ಉಳಿದುಕೊಂಡಿದ್ದರು. ಬೆಳಿಗ್ಗೆ ಎಲ್ಲರೂ ಒಂದೇ ನೀಲಿ ಬಣ್ಣದ ಟೀಶರ್ಟು ತೊಟ್ಟು, ಕೈಗೆ ನೀರಿನ ಬಾಟಲಿ ಹಿಡಿದು, ಬಿಸಿಲಿಗೆ ಮುಖಕ್ಕೆ ಬಿಳೀ ಕ್ರೀಮು ಮೆತ್ತಿಕೊಂಡು ಇಳಿಯುತ್ತಿದ್ದರು. ಯಕ್ಷಗಾನದ ಆಟ ಮುಗಿದ ಮೇಲೆ ಬಣ್ಣ ಅರ್ಧ ಒರೆಸಿಕೊಂಡ ವೇಷದವರ ಹಾಗೆ ಕಾಣುತ್ತಿದ್ದರು. ಮೊದಲು ಕಾರ್ಕಳದ ಹುಡುಗರ ಆಶ್ರಮಕ್ಕೆ ಹೋದೆವು. ಇವರು ಬರುತ್ತಾರೆಂದು ಅಲ್ಲಿಯವರು ಹಿಂದಿನ ವಾರವಷ್ಟೇ ಗೋಡೆಗಳಿಗೆಲ್ಲ ಸುಣ್ಣ ಹೊಡೆಸಿದ್ದರು. ಇವರು ಬಂದವರೇ ಆ ಸುಣ್ಣದ ಮೇಲೆ ಹಳದಿ ಬಣ್ಣ ಬಳಿದರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಂಜೆ ಕಪ್ಪೆಯ ಹಾಗೆ ಕುಪ್ಪಳಿಸುವ ಒಂದು ಹಾಡು ಕಲಿಸಿದರು. ಹೊರಡುವ ದಿನ ಹುಡುಗರನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹುಡುಗರು ಟಾಟಾ ಮಾಡಿದರು, ವ್ಯಾನು ಗೇಟು ದಾಟುವ ಮೊದಲೇ ಕ್ರಿಕೆಟ್ಟಿಗೆ ಓಡಿದರು.

ಆ ರಾತ್ರಿ ಫೋನಿನಲ್ಲಿ ಗಂಡನಿಗೆ ಇದನ್ನೆಲ್ಲ ಹೇಳಿ ನಗಿಸಿದೆ. "ಹತ್ತು ದಿನದ ಸಂತರು ಮಾರಾಯ್ರೆ! ಬರ್ತಾರೆ, ಫೋಟೊ ತೆಗೀತಾರೆ, ಅಳ್ತಾರೆ, ಹೋಗ್ತಾರೆ" ಅಂದೆ. ಬೇರೆಯವರನ್ನು ಆಡಿಕೊಳ್ಳುವುದರಲ್ಲಿ ನಾನು ಯಾವಾಗಲೂ ಒಂದು ಕೈ ಮೇಲೆ.

ತಂಡದಲ್ಲಿ ಒಬ್ಬರನ್ನು ಮಾತ್ರ ಆಡಿಕೊಳ್ಳಲು ನನಗೆ ಏನೂ ಸಿಕ್ಕಿರಲಿಲ್ಲ. ಅವರು ಎಲ್ಲರಿಗಿಂತ ಹಿರಿಯ ಹೆಂಗಸು. ಮಂಡಿನೋವು, ಬ್ರಷ್ಷು ಹಿಡಿಯಲು ಆಗುತ್ತಿರಲಿಲ್ಲ. ಮಕ್ಕಳು ಗ್ರ್ಯಾನಿ ಎಂದು ಕರೆಯುತ್ತಿದ್ದರು. ಕಾರ್ಕಳದ ಕೆಲಸ ಮುಗಿಸಿ ಕಾಪುವಿನ ಹುಡುಗಿಯರ ಆಶ್ರಮಕ್ಕೆ ಬಂದ ಮೇಲೆ, ದಿನಾ ಸಂಜೆ ಗ್ರ್ಯಾನಿ ಅಲ್ಲಿನ ಜಗಲಿಯ ಮೆಟ್ಟಿಲಿನಲ್ಲಿ ಕೂತು ಒಬ್ಬೊಬ್ಬಳೇ ಹುಡುಗಿಯನ್ನು ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: ಇವತ್ತು ನಿನಗಾಗಿ ನಾನು ದೇವರ ಹತ್ತಿರ ಏನು ಬೇಡಲಿ? ನಾನು ಪಕ್ಕದಲ್ಲಿ ಕೂತು ಅದನ್ನು ಕನ್ನಡದಲ್ಲಿ ಕೇಳಿ, ಬಂದ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಒಬ್ಬಳಿಗೆ ಗಣಿತದಲ್ಲಿ ಪಾಸಾಗಬೇಕು, ಒಬ್ಬಳಿಗೆ ಕಾಲಿನ ಕಜ್ಜಿ ವಾಸಿಯಾಗಬೇಕು. ಒಬ್ಬ ಪುಟ್ಟ ಹುಡುಗಿ "ಸಿಸ್ಟರಿಗೆ ಸಿಟ್ಟು ಬರ್ಬಾರ್ದು" ಅಂದಳು. ಆಶ್ರಮ ನಡೆಸುವ ಸಿಸ್ಟರು ಹಿಂದೆಯೇ ನಿಂತಿದ್ದರು, ಅವರಿಗೂ ನಗು ತಡೆಯಲಾಗಲಿಲ್ಲ.

ಹೀಗೆ ಒಂದು ಸಂಜೆ, ಸುಮಾರು ಹತ್ತು ವರ್ಷದ ಒಬ್ಬ ಹುಡುಗಿಯ ಸರದಿ ಬಂತು. ಅವಳ ಕತೆಯನ್ನು ಸಿಸ್ಟರು ಮೊದಲೇ ನನಗೆ ಹೇಳಿದ್ದರು. ಅಪ್ಪ ಅಮ್ಮ ಇಬ್ಬರೂ ಬಿಜಾಪುರದ ಕಡೆಯಿಂದ ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊರಲು ಬಂದವರು. ಅಮ್ಮ ಶೆಡ್ಡಿನಲ್ಲೇ ಜ್ವರ ಬಂದು ತೀರಿಕೊಂಡಳು. ಆಗ ನಾಲ್ಕು ವರ್ಷದವಳಾಗಿದ್ದ ಈ ಹುಡುಗಿಯನ್ನು ಅಪ್ಪ ಇಲ್ಲಿ ಬಿಟ್ಟು, ಊರಿಗೆ ಹೋಗಿ ಬರುತ್ತೇನೆಂದು ಹೇಳಿ ಹೋದವನು ಮತ್ತೆ ಬಂದಿರಲಿಲ್ಲ.

"ನನ್ನ ಅವ್ವನಿಗೂ ಒಂದು ದಿನ ಬೇಕು ಅಂತ ಹೇಳಿ ಟೀಚರ್" ಅಂದಳು.

"ಎಂತ ದಿನ?"

"ದಿನ. ಬೇರೆ ಸತ್ತವರಿಗೆಲ್ಲ ಉಂಟಲ್ವಾ? ಸುಕ್ಕದ ಅಜ್ಜನಿಗೆ ಉಂಟಲ್ಲ, ಹಾಗೆ."

ಸುಕ್ಕದ ಅಜ್ಜ ಅಂದರೆ ನನ್ನ ಮಾವ. ನಮ್ಮ ಕಡೆ ಮನೆಯಲ್ಲಿ ಯಾರದಾದರೂ ಹುಟ್ಟುಹಬ್ಬವೋ ಸತ್ತವರ ವಾರ್ಷಿಕವೋ ಬಂದರೆ ಆಶ್ರಮದ ಮಕ್ಕಳಿಗೆ ಒಂದು ಹೊತ್ತಿನ ಊಟ ಹಾಕಿಸುವುದು ರೂಢಿ. ಕ್ರೈಸ್ತರೂ ಹಾಕಿಸುತ್ತಾರೆ, ಹಿಂದೂಗಳೂ ಹಾಕಿಸುತ್ತಾರೆ. ಮನೆಯವರು ಹೋಗಿ ಕೈಯಾರೆ ಬಡಿಸುತ್ತಾರೆ, ಮಕ್ಕಳು ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಮಾಡಿ ಆಮೇಲೆ ಉಣ್ಣುತ್ತಾರೆ. ಮಾವ ತೀರಿಕೊಂಡ ದಿನ ನಾವು ಪ್ರತಿ ವರ್ಷ ಕಾಪುವಿನ ಈ ಆಶ್ರಮಕ್ಕೆ ಬೆಳ್ತಿಗೆ ಅನ್ನ, ಕೋಳಿ ಸುಕ್ಕ, ಸೇಮಿಗೆ ಪಾಯಸ ಕೊಡುತ್ತಿದ್ದೆವು. ಮಕ್ಕಳು ಸತ್ತವರನ್ನು ಊಟದ ಮೇಲೆ ಗುರುತಿಟ್ಟುಕೊಂಡಿದ್ದರು. ಉಡುಪಿಯ ಯಾರೋ ಐಸ್‌ಕ್ರೀಮ್ ಅಂಕಲ್, ಇನ್ಯಾರೋ ಬಿರಿಯಾನಿ ಆಂಟಿ. ಹಾಗೆ ನಮ್ಮ ಮಾವ, ಬದುಕಿದ್ದಾಗ ಎದುರು ನಿಂತು ಮಾತಾಡಲು ಊರವರು ಹೆದರುತ್ತಿದ್ದ ಮನುಷ್ಯ, ಇಲ್ಲಿ ಸುಕ್ಕದ ಅಜ್ಜ ಆಗಿದ್ದರು.

ಹುಡುಗಿಯ ಲೆಕ್ಕಾಚಾರ ಸರಳವಾಗಿತ್ತು. ದಿನ ಇದ್ದ ಸತ್ತವರಿಗೆ ಇಡೀ ಆಶ್ರಮ ಕೈಮುಗಿಯುತ್ತದೆ. ಅವಳ ಅವ್ವನಿಗೆ ದಿನ ಇಲ್ಲ, ಆದ್ದರಿಂದ ಯಾರೂ ಕೈಮುಗಿದಿಲ್ಲ.

ನಾನು ಗ್ರ್ಯಾನಿಗೆ ಹೇಳಿದೆ. ಅವರು ಹುಡುಗಿಯ ಎರಡೂ ಕೈ ಹಿಡಿದುಕೊಂಡು, ನಾಳೆಯೇ ಆ ದಿನ ಮಾಡೋಣ, ನಾವು ಇನ್ನೂ ಇಲ್ಲೇ ಇದ್ದೇವಲ್ಲ ಅಂದರು. ನಾಳೆ ನನ್ನ ಮಾವನ ದಿನ, ಊಟ ನಮ್ಮದು ಎಂದು ನಾನು ಸ್ವಲ್ಪ ಬಿಗಿಯಾಗಿಯೇ ತಿಳಿಸಿದೆ. ಹಾಗಾದರೆ ಇನ್ನೂ ಒಳ್ಳೆಯದಾಯಿತು, ಪ್ರಾರ್ಥನೆಯಲ್ಲಿ ಮಾವನ ಹೆಸರಿನ ಜೊತೆ ಇವಳ ತಾಯಿಯ ಹೆಸರನ್ನೂ ಸೇರಿಸಬಹುದಲ್ಲ ಅಂದರು ಗ್ರ್ಯಾನಿ.

ನನಗೆ ಮೈಯೆಲ್ಲ ಉರಿಯಿತು. ಇಲ್ಲಿಗೆ ಬಂದು ನಾಲ್ಕು ದಿನ ಆಗಿಲ್ಲ, ನಮ್ಮ ಮನೆಯ ದಿನವನ್ನು ಹಂಚಲು ಹೊರಟಿದ್ದಾರೆ! ಆದರೆ ಹುಡುಗಿ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಾ ನಿಂತಿದ್ದಳು. "ನಮ್ಮ ಅತ್ತೆಯನ್ನು ಕೇಳಿ ನೋಡುವಾ" ಅಂದೆ.

ಮನೆಗೆ ಬಂದು ಹೇಳಿದಾಗ ಅತ್ತೆ ಮಸಾಲೆಗೆ ಮೆಣಸು ಹುರಿಯುತ್ತಿದ್ದರು. ಹುರಿಯುತ್ತಲೇ ಕೇಳಿಸಿಕೊಂಡರು. ಬಾಣಲೆ ಇಳಿಸಿ, ಮನೆಮಾತಾದ ಕೊಂಕಣಿಯಲ್ಲಿ "ಅಲ್ಲಿ ಹೋಗಿ ನೋಡುವಾ ಬಾಯೆ" ಅಂದರು. ನಮ್ಮ ಮನೆಯಲ್ಲಿ ಹಾಗೆ ಅಂದರೆ ಆಗುವುದಿಲ್ಲ ಎಂದೇ ಅರ್ಥ. ನನಗೆ ಸಮಾಧಾನವಾಯಿತು. ಆ ವರ್ಷದ ಊಟಕ್ಕೆ ನಾನು ಎಂದಿಗಿಂತ ಹೆಚ್ಚು ತಯಾರಿ ನಡೆಸಿದ್ದೆ. ದುಬೈಗೆ ಕ್ಯಾಸೆಟ್ಟು ಕಳಿಸಲು ಉಡುಪಿಯಿಂದ ವಿಡಿಯೊದವನನ್ನು ಕರೆಸಿದ್ದೆ. ತಂಡದವರನ್ನೂ ಊಟಕ್ಕೆ ಕರೆದಿದ್ದೆ. ಇವರು ವಿಮಾನ ಹತ್ತಿ ಬರುವವರೆಗೆ ನಾವೇನು ಕೈಕಟ್ಟಿ ಕೂತಿರಲಿಲ್ಲ ಎನ್ನುವುದನ್ನು ಅವರು ಕಣ್ಣಾರೆ ನೋಡಬೇಕಿತ್ತು.

ಮರುದಿನ ಮಧ್ಯಾಹ್ನ ಆಶ್ರಮದ ಹಾಲಿನಲ್ಲಿ ಹುಡುಗಿಯರು ಚಾಪೆಯ ಮೇಲೆ ಸಾಲಾಗಿ ಕೂತರು. ನೀಲಿ ಟೀಶರ್ಟಿನವರೂ ಅವರ ನಡುವೆ ಕಾಲು ಮಡಚಲು ಒದ್ದಾಡುತ್ತಾ ಕೂತರು. ಮಾವನ ಫೋಟೊವನ್ನು ಕುರ್ಚಿಯ ಮೇಲಿಟ್ಟು ಮಲ್ಲಿಗೆ ಹಾರ ಹಾಕಿದೆವು. ಅತ್ತೆ ರೇಷ್ಮೆ ಸೀರೆ ಉಟ್ಟು ಮೊದಲ ಸೌಟು ಬಡಿಸಿದರು. ಮುಖಕ್ಕೆ ಬೆಳಕು ಬೀಳಲಿಲ್ಲವೆಂದು ವಿಡಿಯೊದವನು ಮತ್ತೊಮ್ಮೆ ಬಡಿಸಲು ಹೇಳಿದ. ಅವರು ಮತ್ತೊಮ್ಮೆ ಬಡಿಸಿದರು. ಎಲ್ಲ ತಟ್ಟೆಗಳಿಗೂ ಬಡಿಸಿ ಆಯಿತು. ಅಷ್ಟರಲ್ಲಿ ಲೈಟಿನ ವಯರು ಕೈಕೊಟ್ಟಿತು. ಅನ್ನದ ಹಬೆ ನಿಂತಿತು. ಒಬ್ಬ ಪುಟ್ಟ ಹುಡುಗಿ ಸುಕ್ಕಕ್ಕೆ ಬೆರಳು ತಾಗಿಸಿ, ಸಿಸ್ಟರು ನೋಡಿದ್ದು ಕಂಡು ಕೈ ಹಿಂದೆಗೆದುಕೊಂಡಳು.

ಮಂಡಿನೋವಿಗೆ ಸ್ಟೂಲಿನ ಮೇಲೆ ಕೂತಿದ್ದ ಗ್ರ್ಯಾನಿ ನನ್ನನ್ನು ಹತ್ತಿರ ಕರೆದು ಮಕ್ಕಳು ಯಾಕೆ ಊಟ ಶುರು ಮಾಡಿಲ್ಲ ಎಂದು ಕೇಳಿದರು. ಪ್ರಾರ್ಥನೆ ಆಗಬೇಕು ಅಂದೆ. ಪ್ರಾರ್ಥನೆ ಯಾಕೆ ಶುರುವಾಗಿಲ್ಲ ಎಂದು ಕೇಳಿದರು. ಕ್ಯಾಮೆರಾದವನು ವಯರು ಸರಿ ಮಾಡುತ್ತಿದ್ದಾನೆ ಅಂದೆ. ಅವರು ಮಾವನ ಫೋಟೊದ ಕಡೆ ನೋಡಿದರು. ಈ ಮಕ್ಕಳಿಗೆ ನಿಮ್ಮ ಮಾವನ ಪರಿಚಯ ಇತ್ತಾ ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಇಲ್ಲ, ಅಂದೆ. ಮಾವ ಈ ಗೇಟಿನೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ನಾನಾದರೂ ವರ್ಷಕ್ಕೆ ಒಂದು ಮಧ್ಯಾಹ್ನ ಬಂದು, ಬಡಿಸಿ, ಕೈತೊಳೆದು ಹೋಗುವವಳು. ಗಂಡನ ಜೊತೆ ಆಡಿ ನಕ್ಕಿದ್ದ ಮಾತೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ನಾಚಿಕೆಯಿಂದ ನಾನು ಆ ಕಡೆ ಈ ಕಡೆ ನೋಡುವಾಗ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೇಳಿದಿರಾ ಟೀಚರ್ ಎಂಬುದು ಅವಳ ಮುಖದಲ್ಲೇ ಇತ್ತು. ನಾನು ಕಣ್ಣು ತಪ್ಪಿಸಿದೆ.

ಲೈಟು ಹತ್ತಿತು. ಸಿಸ್ಟರು ಪ್ರಾರ್ಥನೆ ಶುರು ಮಾಡಲು ಎದ್ದರು. ಆಗ ಅತ್ತೆ ಸೌಟು ಹಿಡಿದ ಕೈಯನ್ನು ಎತ್ತಿ, ಮನೆಯಲ್ಲಿ ಎಂದೂ ಆಡದ ಕನ್ನಡದಲ್ಲಿ, "ಒಂದು ನಿಮಿಷ ಸಿಸ್ಟರ್. ಅಮ್ಮನ ಹೆಸರು ಹೇಳಬೇಕು ಅಂತ ಕೇಳಿದ ಮಗು ಯಾವುದು?" ಅಂದರು.

ಹುಡುಗಿ ಎದ್ದಳು. ಅತ್ತೆ ಅವಳನ್ನು ಕರೆದು ಮಾವನ ಫೋಟೊದ ಪಕ್ಕದಲ್ಲೇ ನಿಲ್ಲಿಸಿಕೊಂಡರು. "ಇವತ್ತು ಮೊದಲು ನಿನ್ನ ಅಮ್ಮನಿಗೆ ಪ್ರಾರ್ಥನೆ ಮಾಡುವಾ. ಅಜ್ಜನಿಗೆ ಆಮೇಲೆ. ಅವರಿಗೆ ಬೇಜಾರಿಲ್ಲ" ಅಂದರು.

ಅತ್ತೆಯ ಬಗ್ಗೆ ನನಗೆ ಒಮ್ಮೆಲೇ ಹೆಮ್ಮೆ ಉಕ್ಕಿತು. ಹೇಳಿಕೊಳ್ಳಲು ಅಸಹ್ಯವಾಗುತ್ತದೆ, ನಾನು ಆಗ ಮೊದಲು ನೋಡಿದ್ದು ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದೆಯೇ ಎಂದು. ಉರಿಯುತ್ತಿತ್ತು. ನಾನು ಗ್ರ್ಯಾನಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ, ಅವರು ಕಷ್ಟಪಟ್ಟು ಎದ್ದು ನಿಂತರು. ತಂಡದವರೂ ಒಬ್ಬೊಬ್ಬರಾಗಿ ಎದ್ದರು.

"ಹೇಳು ಮಗಾ, ಅಮ್ಮನ ಹೆಸರು ಎಂತ?" ಅತ್ತೆ ಕೇಳಿದರು.

"ಅವ್ವ."

"ಅದು ಸರಿ ಮಗಾ. ಹೆಸರು? ಬೇರೆಯವರು ಅವಳನ್ನು ಹೇಗೆ ಕರೆಯುತ್ತಿದ್ದರು?"

ಹುಡುಗಿ ಯೋಚಿಸಿದಳು. ತುಟಿ ಆಡಿಸಿದಳು. ಆಮೇಲೆ ಸಿಸ್ಟರ ಕಡೆ ನೋಡಿದಳು. ಸಿಸ್ಟರು ತಲೆ ತಗ್ಗಿಸಿದರು. ಅಪ್ಪ ಹೇಳಿಹೋಗಿದ್ದು ಮಗಳ ಹೆಸರನ್ನು ಮಾತ್ರ. ಅವಳು ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ನೆನಪಿರಬಹುದಾಗಿದ್ದ ಕಾಲದಲ್ಲಿ ಕೂಡ. ನಮ್ಮ ಮನೆಯವರು ವರ್ಷವೂ ಬಂದು ಬಡಿಸಿ ಹೋಗಿದ್ದೆವು. ಗ್ರ್ಯಾನಿ ಹೆಸರಿಗಾಗಿ ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು.

ಎಲ್ಲರೂ ಕಾಯುತ್ತಿದ್ದಾರೆ, ಎಲ್ಲರ ಊಟ ತಣ್ಣಗಾಗುತ್ತಿದೆ, ಅದು ತನ್ನಿಂದಾಗಿ ಎಂದು ಹುಡುಗಿಗೆ ಅನ್ನಿಸಿರಬೇಕು. ಗಾಬರಿಯಾದಳು.

"ಅಜ್ಜನದ್ದು ಬರ್ತದೆ ಟೀಚರ್" ಅಂದಳು ನನಗೆ, ಅವಸರದಿಂದ. "ಅಜ್ಜನದ್ದೇ ಹೇಳ್ತೇನೆ."

ಕೈಜೋಡಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ದೊಡ್ಡ ದನಿಯಲ್ಲಿ ಹೇಳಿದಳು. ನನ್ನ ಮಾವನ ಹೆಸರು, ಅವರ ಅಪ್ಪನ ಹೆಸರು, ನಮ್ಮ ಮನೆತನದ ಹೆಸರು, ಊರಿನ ಹೆಸರು, ಇವರ ಆತ್ಮಕ್ಕೆ ನಿತ್ಯ ಶಾಂತಿ ಸಿಗಲಿ. ಹುಡುಗಿಯರೆಲ್ಲ ಆಮೆನ್ ಅಂದರು. ಕೈಗಳು ತಟ್ಟೆಗೆ ಹೋದವು.

ಅವಳು ಕಣ್ಣು ತೆರೆದಾಗ ಅತ್ತೆ ಸೌಟು ಹಿಡಿದುಕೊಂಡು ಹಾಗೆಯೇ ನಿಂತಿದ್ದರು. ಹುಡುಗಿ ಅತ್ತೆಯ ಮುಖ ನೋಡಿ ಮೆಲ್ಲಗೆ ಕೇಳಿದಳು:

"ತಪ್ಪಾಯ್ತಾ ಅಜ್ಜಿ?"

ಒಂದಕ್ಷರವೂ ತಪ್ಪಿರಲಿಲ್ಲ.