ಕಾಲು ತೊಳೆದ ಜಾಗ

ಜ್ವರದ ಸರ್ವೆಗೆ ಬರುತ್ತಿದ್ದ ಸಿಸ್ಟರ್ ಪ್ರತಿ ಮನೆಯಲ್ಲೂ ಕೇಳುತ್ತಿದ್ದುದು ಒಂದೇ: “ಇಲಿಜ್ವರ ನೀರಿಂದ ಬರೋದು ರೀ. ಮನೆ ಎಲ್ಲಿ ಅಂತ ಬ್ಯಾಡ, ಕಾಲು ತೊಳ್ದಿದ್ದು ಎಲ್ಲಿ ಹೇಳಿ.” ನನಗೆ ನಗು ಬರುತ್ತಿತ್ತು.

ಅವರ ನಕ್ಷೆಯಲ್ಲಿ ಜ್ವರ ಬಂದವರ ಮನೆಗಳಿಗೆಲ್ಲ ಹಣೆಗಿಡುವ ಕೆಂಪು ಸ್ಟಿಕ್ಕರ್ ಅಂಟಿಸಿದ್ದರು. ಉಳವಿಯಲ್ಲೊಂದು, ಹೊಸಬಾಳೆಯಲ್ಲೆರಡು, ಹೀಗೆ ಚೆಲ್ಲಾಪಿಲ್ಲಿ. ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು, ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ, ಅವರವರು ಕಾಲು ತೊಳೆದ ಜಾಗಕ್ಕೆ ಅಂಟಿಸತೊಡಗಿದರು. ಎಲ್ಲವೂ ಒಂದೇ ಕಡೆ ಒಂದರ ಮೇಲೊಂದು ಕೂತವು.

“ಇದು ಯಾರ ತೊಟ್ಟಿ ರೀ?”

ನಮ್ಮದೇ, ಹಿತ್ತಲಿನ ಪಂಪ್‌ಸೆಟ್ಟಿನದು. ನಾಟಿಗೆ ಬಂದವರೆಲ್ಲ ಅಲ್ಲೇ ಕಾಲು ತೊಳೆದು ಹೋಗಿದ್ದರು. ಹಿತ್ತಲ ಕಡೆ ಕೈ ತೋರಿಸಿದೆ. ತೊಟ್ಟಿಯಲ್ಲಿ ನೀರಾಡುತ್ತಿದ್ದ ಮಗಳ ಕೇಕೆ ಜಗಲಿಗೂ ಕೇಳುತ್ತಿತ್ತು. ಸಿಸ್ಟರ್ ಚಪ್ಪಲಿಯನ್ನೂ ಮೆಟ್ಟದೆ ಅತ್ತ ಓಡಿದರು.