ಹನ್ನೊಂದು ಹೆಸರು

ಗಣಿತ ವಿಭಾಗದ ಹಿರಿಯ ಮೇಷ್ಟ್ರನ್ನು ಹೈಸ್ಕೂಲಿನವರೆಲ್ಲ ಸೊನ್ನೆ ಮೇಷ್ಟ್ರು ಎನ್ನುತ್ತಿದ್ದರು. ಲೆಕ್ಕದಲ್ಲಿ ಸೊನ್ನೆ ಸುತ್ತಿದ ಮಕ್ಕಳಿಗೆ ಕೂಡುವುದು ಕಳೆಯುವುದರಿಂದ ಹಿಡಿದು ಮತ್ತೆ ಕಲಿಸುವ ತರಗತಿ ಅವರದು. ವರ್ಷದ ಆರಂಭದಲ್ಲಿ ವಿಭಾಗದ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ಮೇಲುಗಡೆ ವಿಭಾಗದ ಗುರಿ: 'ಯಾವ ಮಗುವೂ ಲೆಕ್ಕಕ್ಕೆ ಹೆದರಬಾರದು.' ಕೆಳಗೆ ಒಂದೊಂದು ತರಗತಿ, ಅದಕ್ಕೆ ಸೇರುವ ಮಕ್ಕಳ ಹೆಸರು. ಹನ್ನೆರಡು ಹೆಸರು ಬೀಳದಿದ್ದರೆ ಆ ತರಗತಿಯ ಮೇಲೆ ಕೆಂಪು ಗೆರೆ, ಆ ವರ್ಷ ಅದು ನಡೆಯುವುದಿಲ್ಲ.

ಆ ವರ್ಷ ಅವರ ತರಗತಿಗೆ ಹನ್ನೊಂದೇ ಹೆಸರು ಬಿತ್ತು. ಕೊನೆಯ ಗಂಟೆ ಹೊಡೆಯುವವರೆಗೂ ಮೇಷ್ಟ್ರು ಪಟ್ಟಿಯ ಮುಂದೆ ಕಂಬದ ಹಾಗೆ ನಿಂತಿದ್ದರು.

"ಒಂದು ಮಗು ತಾನೇ ಕಡಿಮೆ, ನಡೆಸೋಣ ಬಿಡಮ್ಮ," ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದರು. ಆಕೆ ಒಂದು ಕಾಲಕ್ಕೆ ಅವರ ಶಿಷ್ಯೆ.

"ನಿಮ್ಮ ಮಾತು ತೆಗೆದುಹಾಕೋಕೆ ಬಾಯಿ ಬರಲ್ಲ ಸಾರ್. ಆದ್ರೆ ಹನ್ನೆರಡರ ನಿಯಮ ಬರೆದೋರು ನೀವೇ ಅಲ್ವಾ?"

ಇಪ್ಪತ್ತು ವರ್ಷದ ಹಿಂದೆ, ವಿಭಾಗದ ಹೊಣೆ ಹೊಸದಾಗಿ ಸಿಕ್ಕ ಹುರುಪಿನಲ್ಲಿ, ರೇಖಾಗಣಿತದ ಮುದಿ ಮೇಷ್ಟ್ರ ತರಗತಿ ನಿಲ್ಲಿಸಲೆಂದೇ ಸೊನ್ನೆ ಮೇಷ್ಟ್ರು ಆ ನಿಯಮ ಬರೆದಿದ್ದರು. ಆ ಮುದುಕರೂ ಇದೇ ಗೋಡೆಯ ಮುಂದೆ, "ಒಂದು ಮಗು ತಾನೇ ಕಡಿಮೆ, ನಡೆಸೋಣ ಬಿಡಪ್ಪ," ಎಂದಿದ್ದರು. "ನಿಯಮ ಅಂದ್ಮೇಲೆ ನಿಯಮ," ಎಂದು ಇವರು ನಕ್ಕಿದ್ದರು.

ಗೆರೆ ಎಳೆಯುವುದು ವಿಭಾಗದ ಹಿರಿಯರ ಕೆಲಸ. ಸ್ಕೇಲು ಇಟ್ಟು ತಾವೇ ಎಳೆದರು.

ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಳಿತುಬಿಟ್ಟರು.

"ಏನಾಯ್ತು, ಮೈಗೆ ಸರಿಯಿಲ್ವಾ?" ಎಂದಳು ಹೆಂಡತಿ.

"ಆ ಮುದುಕರ ಹತ್ರ ತಪ್ಪಾಯ್ತು ಅನ್ಬೇಕಿತ್ತು ಕಣೇ," ಎಂದರು.

ಮುದಿ ಮೇಷ್ಟ್ರು ತೀರಿಕೊಂಡು ಆಗಲೇ ಹದಿನಾಲ್ಕು ವರ್ಷವಾಗಿತ್ತು.